ಹೈ ವೋಲ್ಟೇಜಿಗೆ ಸುಟ್ಟ ಕಂಪ್ಯೂಟರಿನಿಂದ ಏನೇನು ಉಳಿಸಿಕೊಂಡೆವು

ಏಪ್ರಿಲ್, ಮೇ ಬಂತೆಂದರೆ ನಮ್ಮ ಹಾವೇರಿ ಸೀಮೆಯಲ್ಲಿ ಸಂಜೆ ಮಳೆಯ ಕಾಲ. ಮಧ್ಯಾಹ್ನವೆಲ್ಲ ಬೇಯಿಸುವ ಬಿಸಿಲು, ನಾಲ್ಕು ಗಂಟೆಗೆ ಮೋಡ, ಐದಕ್ಕೆ ಗಾಳಿ, ಆಮೇಲೆ ಗುಡುಗು. ಹೊಲಕ್ಕೆ ಈ ಮಳೆ ಬೇಕು. ಆದರೆ ಇದೇ ಮಳೆ ಊರಿನ ಟಿವಿ, ಫ್ರಿಜ್, ಮೊಬೈಲ್ ಚಾರ್ಜರ್, ಬೋರಿನ ಸ್ಟಾರ್ಟರ್‌ಗಳನ್ನೂ ಬಲಿ ತೆಗೆದುಕೊಂಡು ಹೋಗುತ್ತದೆ. ಈಚೆಗೆ ಆ ಪಟ್ಟಿಗೆ ಕಂಪ್ಯೂಟರೂ ಸೇರಿದೆ. ಪಂಚಾಯ್ತಿಯಲ್ಲಿ, ಶಾಲೆಯಲ್ಲಿ, ಹಾಲಿನ ಡೇರಿಯಲ್ಲಿ, ಜೆರಾಕ್ಸ್ ಅಂಗಡಿಯಲ್ಲಿ ಎಲ್ಲ ಕಡೆ ಈಗ ಒಂದಾದರೂ ಕಂಪ್ಯೂಟರ್ ಇರುತ್ತದೆ. ಅದು ಸುಟ್ಟರೆ ಏನು ಮಾಡಬೇಕು ಎನ್ನುವುದು ಮಾತ್ರ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಒಂದೋ ಗುಜರಿಗೆ ಹಾಕುತ್ತಾರೆ, ಇಲ್ಲವೇ ಮತ್ತೆ ಮತ್ತೆ ಸ್ವಿಚ್ ಒತ್ತಿ ಉಳಿದದ್ದನ್ನೂ ಸುಡುತ್ತಾರೆ.

ನಾವು ಪತ್ರಿಕೋದ್ಯಮ ಓದಿಕೊಂಡು ಊರಿಗೆ ಮರಳಿದವರು. ನಮ್ಮಲ್ಲೊಬ್ಬ ಪದವಿಗೆ ಸೇರುವ ಮೊದಲು ಐಟಿಐನಲ್ಲಿ ಎಲೆಕ್ಟ್ರಾನಿಕ್ಸ್ ಕಲಿತಿದ್ದ. ಹಾಗಾಗಿ ಊರಿನಲ್ಲಿ ಏನಾದರೂ ಕೆಟ್ಟರೆ ಮೊದಲ ಕರೆ ನಮಗೇ ಬರುತ್ತದೆ. ಈ ಬೇಸಿಗೆಯಲ್ಲಿ ಬಂದ ಒಂದು ಕರೆಯ ಕತೆಯನ್ನು, ಅದರಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಆ ರಾತ್ರಿ ಆದದ್ದು

ಬಸ್ ಸ್ಟ್ಯಾಂಡ್ ಪಕ್ಕದ ಜೆರಾಕ್ಸ್ ಅಂಗಡಿಯನ್ನು ನಡೆಸುವವರು ಒಬ್ಬ ಅಕ್ಕ. ಗಂಡ ತೀರಿಕೊಂಡ ಮೇಲೆ ಸಂಘದಲ್ಲಿ ಸಾಲ ತೆಗೆದು ಒಂದು ಹಳೆಯ ಕಂಪ್ಯೂಟರ್, ಒಂದು ಪ್ರಿಂಟರ್ ಇಟ್ಟುಕೊಂಡು ಶುರು ಮಾಡಿದ್ದು. ಪಹಣಿ ತೆಗೆಯುವುದು, ಅರ್ಜಿ ತುಂಬುವುದು, ಪಾಸ್‌ಪೋರ್ಟ್ ಅಳತೆಯ ಫೋಟೊ ತೆಗೆಯುವುದು, ಮದುವೆ ಪತ್ರಿಕೆ ಟೈಪ್ ಮಾಡುವುದು, ಸ್ತ್ರೀಶಕ್ತಿ ಸಂಘಗಳ ಲೆಕ್ಕ ಬರೆಯುವುದು, ಎಲ್ಲವೂ ಅದೊಂದೇ ಕಂಪ್ಯೂಟರಿನಲ್ಲಿ.

ಅವತ್ತು ಸಂಜೆ ಗಾಳಿಗೆ ಬೇವಿನ ಕೊಂಬೆಯೊಂದು ಮುರಿದು ಲೈನಿನ ಮೇಲೆ ಬಿತ್ತು. ಕರೆಂಟ್ ಹೋಯಿತು. ಎಂಟು ಗಂಟೆಯ ಸುಮಾರಿಗೆ ಬಂತು. ಬಂದದ್ದು ಎಂದಿನ ಹಾಗಿರಲಿಲ್ಲ. ಬಲ್ಬು ಕಣ್ಣು ಕುಕ್ಕುವಷ್ಟು ಉರಿಯಿತು, ಫ್ಯಾನ್ ಹುಚ್ಚು ಹಿಡಿದ ಹಾಗೆ ತಿರುಗಿತು. ಅಕ್ಕ ಮೇನ್ ಸ್ವಿಚ್ ಕಡೆ ಓಡುವಷ್ಟರಲ್ಲಿ ಮೇಜಿನ ಕೆಳಗಿನಿಂದ ‘ಡಬ್’ ಎಂದು ಸದ್ದು, ಆಮೇಲೆ ಸುಟ್ಟ ವಾಸನೆ. ಆ ಬೀದಿಯಲ್ಲಿ ಅವತ್ತು ಟಿವಿಗಳೂ ಹೋದವು.

ಹೀಗೆ ಏಕೆ ಆಗುತ್ತದೆ ಎಂದು ತಿಳಿದುಕೊಂಡರೆ ಒಳ್ಳೆಯದು. ನಮ್ಮೂರಿನ ಟಿಸಿಯಿಂದ ಮೂರು ಫೇಸ್ ತಂತಿ, ಒಂದು ನ್ಯೂಟ್ರಲ್ ತಂತಿ ಹೊರಡುತ್ತವೆ. ಒಂದು ಫೇಸ್ ಮತ್ತು ನ್ಯೂಟ್ರಲ್ ನಡುವೆ 230 ವೋಲ್ಟ್ ಇರುತ್ತದೆ. ನಮ್ಮ ಮನೆಗೆ ಬರುವುದು ಅದು. ಎರಡು ಫೇಸ್‌ಗಳ ನಡುವೆ ಸುಮಾರು 400 ವೋಲ್ಟ್ ಇರುತ್ತದೆ. ನ್ಯೂಟ್ರಲ್ ತಂತಿ ಕಡಿದರೆ ಅಥವಾ ಸಡಿಲವಾದರೆ ಬೇರೆ ಬೇರೆ ಫೇಸಿನ ಮನೆಗಳು ಒಂದಕ್ಕೊಂದು ಸರಪಳಿಯಂತೆ ಜೋಡಿಕೊಂಡು ಆ 400 ವೋಲ್ಟನ್ನು ಹಂಚಿಕೊಳ್ಳಬೇಕಾಗುತ್ತದೆ. ಹಂಚಿಕೆ ಸಮನಾಗಿ ಆಗುವುದಿಲ್ಲ. ಹೆಚ್ಚು ಲೋಡ್ ಇದ್ದ ಕಡೆ ದೀಪ ಮಂಕಾಗುತ್ತದೆ, ಕಡಿಮೆ ಲೋಡ್ ಇದ್ದ ಕಡೆ ವೋಲ್ಟೇಜ್ ಏರುತ್ತದೆ. ಅಕ್ಕನ ಅಂಗಡಿ ಎರಡನೆಯ ಗುಂಪಿನಲ್ಲಿತ್ತು.

ಕಂಪ್ಯೂಟರಿಗೆ ಯುಪಿಎಸ್ ಇತ್ತಲ್ಲ ಎಂದು ಹಲವರು ಕೇಳಿದರು. ಅಂಗಡಿಗಳಲ್ಲಿ ಇರುವ ಸಣ್ಣ ಯುಪಿಎಸ್‌ಗಳು ಕರೆಂಟ್ ಹೋದಾಗ ಬ್ಯಾಟರಿಯಿಂದ ನಡೆಸುತ್ತವೆ. ಕರೆಂಟ್ ಇದ್ದಾಗ ಅದನ್ನೇ ಹೆಚ್ಚುಕಡಿಮೆ ನೇರವಾಗಿ ಒಳಗೆ ಬಿಡುತ್ತವೆ. ಈ ಮಟ್ಟದ ಏರಿಕೆಯನ್ನು ಅವು ತಡೆಯಲಾರವು. ಇಲ್ಲಿ ಯುಪಿಎಸ್ ತಾನೂ ಸುಟ್ಟಿತು, ಕಂಪ್ಯೂಟರನ್ನೂ ಕರೆದುಕೊಂಡು ಹೋಯಿತು.

ಅದರೊಳಗೆ ಇದ್ದದ್ದು

ಬೆಳಿಗ್ಗೆ ನಾವು ಹೋದಾಗ ಅಂಗಡಿಯ ಮುಂದೆ ಇಬ್ಬರು ಕೂತಿದ್ದರು. ಎರಡು ದಿನದ ಹಿಂದೆ ಅವರ ಮನೆಯ ಹಿರಿಯರು ತೀರಿಕೊಂಡಿದ್ದರು. ಅವರದೊಂದು ಫೋಟೊ ಬೇಕಿತ್ತು. ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಹಾರ ಹಾಕಲು.

ಊರಿನಲ್ಲಿ ಇರುವವರಿಗೆ ಇದು ಗೊತ್ತಿರುವ ವಿಷಯ. ಎಷ್ಟೋ ಹಿರಿಯರಿಗೆ ಬದುಕಿನಲ್ಲಿ ತೆಗೆಸಿಕೊಂಡ ಒಂದೇ ಒಳ್ಳೆಯ ಫೋಟೊ ಎಂದರೆ ಸಂಧ್ಯಾ ಸುರಕ್ಷಾ ಅರ್ಜಿಗೋ, ಬ್ಯಾಂಕ್ ಪಾಸ್‌ಬುಕ್ಕಿಗೋ ತೆಗೆಸಿದ್ದು. ಹಿಂದೆ ನೀಲಿ ಪರದೆ, ಮುಂದೆ ಸ್ಟೂಲು, ತಲೆಗೆ ರುಮಾಲು ಸರಿಮಾಡಿಕೊಂಡು ನೆಟ್ಟಗೆ ನೋಡುವ ಮುಖ. ಕೈಗೆ ಬಂದ ಎಂಟು ಪ್ರತಿಗಳು ಅರ್ಜಿಗಳಿಗೆ ಅಂಟಿ ಮುಗಿದುಹೋಗುತ್ತವೆ. ಉಳಿಯುವುದು ಅಂಗಡಿಯ ಕಂಪ್ಯೂಟರಿನಲ್ಲಿರುವ ಫೈಲ್ ಮಾತ್ರ. ಅಕ್ಕ ಅಂಥ ಫೈಲ್‌ಗಳನ್ನು ವರ್ಷದ ಪ್ರಕಾರ, ಓಣಿಯ ಪ್ರಕಾರ ಇಟ್ಟುಕೊಂಡಿದ್ದರು. ಯಾರೂ ಹೇಳಿದ್ದಲ್ಲ. ಒಮ್ಮೆ ಒಬ್ಬ ಹೆಣ್ಣುಮಗಳು ಬಂದು ಸತ್ತ ತಾಯಿಯ ಫೋಟೊ ಕೇಳಿದ ಮೇಲೆ ಅಳಿಸುವುದನ್ನು ಬಿಟ್ಟರಂತೆ.

ಇಷ್ಟೆಲ್ಲ ಇದ್ದದ್ದು ಸುಟ್ಟ ಪೆಟ್ಟಿಗೆಯೊಳಗಿನ ಒಂದು ಹಾರ್ಡ್ ಡಿಸ್ಕಿನಲ್ಲಿ. ಫೋನಿನಲ್ಲಿ ವಿಚಾರಿಸಿದಾಗ ಒಬ್ಬ ರಿಪೇರಿಯವರು ನೋಡದೆಯೇ “ಎಲ್ಲಾ ಹೋಗಿರ್ತೈತಿ, ಹೊಸಾದು ತಗೋರಿ” ಅಂದುಬಿಟ್ಟಿದ್ದರು. ಅಕ್ಕ ನಮ್ಮನ್ನು ನೋಡಿ ಕೇಳಿದ್ದು ಒಂದೇ ಮಾತು: “ಕಂಪ್ಯೂಟರ್ ಹೋದ್ರ ಹೋಗ್ಲಿ, ಫೋಟೊ ಸಿಗ್ತಾವೇನ್ರಪಾ?”

ಬಿಚ್ಚುವ ಮೊದಲು

ಸುಟ್ಟ ಕಂಪ್ಯೂಟರ್ ವಿಷಯದಲ್ಲಿ ಮೊದಲ ನಿಯಮ: ‘ಒಂದ್ಸಲ ಆನ್ ಮಾಡಿ ನೋಡೋಣ’ ಎನ್ನಬಾರದು. ಒಳಗೆ ಒಂದು ಭಾಗ ಶಾರ್ಟ್ ಆಗಿದ್ದರೆ ಮತ್ತೆ ಕರೆಂಟ್ ಕೊಟ್ಟಾಗ ಉಳಿದದ್ದೂ ಹೋಗುತ್ತದೆ, ಬೆಂಕಿಯೂ ಹತ್ತಬಹುದು. ಹೊಗೆ ಕಂಡರೆ ಮೊದಲು ಮೇನ್ ಸ್ವಿಚ್ ಆಫ್ ಮಾಡಿ. ನೀರು ಹಾಕಬೇಡಿ. ಒಣ ಮರಳು ಹಾಕಬಹುದು.

ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಗೋಡೆಯಿಂದ ಕೀಳಬೇಕು. ಹಳೆಯ ವೈರಿಂಗ್ ಇರುವ ಎಷ್ಟೋ ಮನೆಗಳಲ್ಲಿ ಸ್ವಿಚ್ಚು ಫೇಸಿನ ಬದಲು ನ್ಯೂಟ್ರಲ್ ಮೇಲೆ ಇರುತ್ತದೆ. ಆಗ ಸ್ವಿಚ್ ಆಫ್ ಇದ್ದರೂ ಒಳಗೆ ಕರೆಂಟ್ ಇರುತ್ತದೆ. ಪವರ್ ವೈರ್ ತೆಗೆದ ಮೇಲೆ ಮಾನಿಟರ್, ಪ್ರಿಂಟರ್, ಇಂಟರ್‌ನೆಟ್, ಸ್ಪೀಕರ್ ಹೀಗೆ ಹಿಂದೆ ಸಿಕ್ಕಿಸಿದ ಎಲ್ಲ ವೈರುಗಳನ್ನೂ ತೆಗೆಯಬೇಕು. ಪ್ರಿಂಟರಿನ ವೈರಿನಿಂದಲೂ ಕರೆಂಟ್ ಒಳಗೆ ಬರಬಹುದು.

ಯುಪಿಎಸ್ ಅನ್ನು ಪೂರಾ ದೂರ ಇಡಿ. ಅದರೊಳಗೆ ಬ್ಯಾಟರಿ ಇರುತ್ತದೆ. ಗೋಡೆಯಿಂದ ಕಿತ್ತರೂ ಅದು ಜೀವಂತ. ಕೆಟ್ಟ ಯುಪಿಎಸ್ ಅನ್ನು ಮನೆಯಲ್ಲಿ ಬಿಚ್ಚಬೇಡಿ. ಹಳೆಯ ದಪ್ಪ ಟಿವಿ, ದಪ್ಪ ಮಾನಿಟರ್ ಇದ್ದರೆ ಅವನ್ನಂತೂ ಮುಟ್ಟಲೇಬೇಡಿ. ಅವುಗಳ ಗಾಜಿನ ಟ್ಯೂಬ್ ಸಾವಿರಾರು ವೋಲ್ಟನ್ನು ಬಹಳ ಹೊತ್ತು ಹಿಡಿದಿಟ್ಟುಕೊಳ್ಳಬಲ್ಲದು.

ಎಲ್ಲ ವೈರು ತೆಗೆದ ಮೇಲೆ ಕಂಪ್ಯೂಟರಿನ ಪವರ್ ಬಟನ್ನನ್ನು ಹತ್ತು ಹದಿನೈದು ಸೆಕೆಂಡ್ ಒತ್ತಿ ಹಿಡಿಯಿರಿ. ಬೋರ್ಡಿನಲ್ಲಿ ಉಳಿದ ಅಲ್ಪಸ್ವಲ್ಪ ಕರೆಂಟ್ ಇಳಿದುಹೋಗುತ್ತದೆ. ಆಮೇಲೆ ಒಂದು ಗಂಟೆ ಸುಮ್ಮನೆ ಬಿಡಿ. ನಾವೂ ಹಾಗೆ ಬಿಟ್ಟು ಚಹಾ ಕುಡಿದು ಬಂದೆವು.

ಮುಟ್ಟಬಾರದ ಪೆಟ್ಟಿಗೆ

ನಾವೆಲ್ಲ ‘ಸಿಪಿಯು’ ಎಂದು ಕರೆಯುವ ದೊಡ್ಡ ಡಬ್ಬಿಯೊಳಗೆ ಇನ್ನೊಂದು ಸಣ್ಣ ಡಬ್ಬಿ ಇರುತ್ತದೆ. ಗೋಡೆಯ ವೈರ್ ಬಂದು ಸೇರುವುದು ಅದಕ್ಕೆ. ಅದರ ಹೆಸರು ಎಸ್‌ಎಂಪಿಎಸ್. 230 ವೋಲ್ಟ್ ಕರೆಂಟನ್ನು ಒಳಗಿನ ಭಾಗಗಳಿಗೆ ಬೇಕಾದ 12, 5, 3.3 ವೋಲ್ಟುಗಳಿಗೆ ಇಳಿಸುವುದು ಅದರ ಕೆಲಸ. ವೋಲ್ಟೇಜ್ ಏರಿದಾಗ ಮೊದಲ ಹೊಡೆತ ಬೀಳುವುದೂ ಅದಕ್ಕೇ. ‘ಡಬ್’ ಎಂದ ಸದ್ದು ಅಲ್ಲಿಯದೇ.

ಎಸ್‌ಎಂಪಿಎಸ್ ಒಳಗೆ ದಪ್ಪ ಕೆಪಾಸಿಟರ್‌ಗಳಿರುತ್ತವೆ. ಕರೆಂಟನ್ನು ತುಂಬಿಟ್ಟುಕೊಳ್ಳುವ ಸಣ್ಣ ಹಂಡೆ ಎಂದುಕೊಳ್ಳಿ. 230 ವೋಲ್ಟಿನ ಲೈನಿನಲ್ಲಿ ಅವು ಸುಮಾರು 325 ವೋಲ್ಟ್ ಡಿಸಿ ಹಿಡಿದಿರುತ್ತವೆ. ಕೆಲವು ಮಾದರಿಗಳಲ್ಲಿ ಇನ್ನೂ ಹೆಚ್ಚು. ಕೆಲಸ ಮಾಡುವ ಎಸ್‌ಎಂಪಿಎಸ್ ಆದರೆ ಪ್ಲಗ್ ಕಿತ್ತ ಮೇಲೆ ಅದು ಮೆಲ್ಲಗೆ ಖಾಲಿಯಾಗುತ್ತದೆ. ಸುಟ್ಟ ಎಸ್‌ಎಂಪಿಎಸ್ ಆದರೆ ಖಾಲಿಯಾಗುವ ದಾರಿಯೇ ಕಡಿದಿರಬಹುದು. ಅಂದರೆ ಸತ್ತ ಎಸ್‌ಎಂಪಿಎಸ್ ಬದುಕಿದ್ದಕ್ಕಿಂತ ಅಪಾಯ. ಎದೆಗೆ ಹೊಡೆದರೆ ಜೀವ ಹೋಗುವಷ್ಟು ಶಕ್ತಿ ಅದರಲ್ಲಿ ಉಳಿದಿರಬಹುದು.

ಆದ್ದರಿಂದ ಕ್ಯಾಬಿನೆಟ್ಟಿನ ಹಿಂಭಾಗದ ನಾಲ್ಕು ಸ್ಕ್ರೂ ಬಿಚ್ಚಿ ಎಸ್‌ಎಂಪಿಎಸ್ ಅನ್ನು ಇಡಿಯಾಗಿ ಹೊರತೆಗೆಯಬಹುದು. ಅದರ ಸ್ವಂತ ಮುಚ್ಚಳದ ಸ್ಕ್ರೂಗಳಿಗೆ ಮಾತ್ರ ಕೈ ಹಾಕಬಾರದು. ‘ಫ್ಯೂಸ್ ಒಂದು ಬದಲಿಸಿದ್ರ ಆತು’ ಎಂದು ಯಾರಾದರೂ ಹೇಳಿದರೂ ಬೇಡ. ಹಳೆಯದಾದರೂ ಚೆನ್ನಾಗಿರುವ ಇನ್ನೊಂದು ಎಸ್‌ಎಂಪಿಎಸ್ ತಾಲ್ಲೂಕು ಊರಿನಲ್ಲಿ ಸಿಗುತ್ತದೆ.

ಒಂದೊಂದಾಗಿ ಬಿಚ್ಚಿದ್ದು

ಅಂಗಡಿಯ ಮರದ ಮೇಜನ್ನು ಬಾಗಿಲ ಬೆಳಕಿಗೆ ಎಳೆದುಕೊಂಡೆವು. ಮೇಲೆ ಹಳೆಯ ಹತ್ತಿಯ ಧೋತರ ಹಾಸಿದೆವು. ಪ್ಲಾಸ್ಟಿಕ್ ಚಾಪೆ, ಉಣ್ಣೆಯ ಕಂಬಳಿ ಬೇಡ. ಅವುಗಳಿಂದ ಹುಟ್ಟುವ ಸ್ಟ್ಯಾಟಿಕ್ ಕರೆಂಟ್ ನಮಗೆ ಗೊತ್ತಾಗದಿದ್ದರೂ ಚಿಪ್ಪುಗಳನ್ನು ಕೊಲ್ಲುತ್ತದೆ. ಒಣಗಿದ ಕೂದಲಿಗೆ ಬಾಚಣಿಗೆ ಆಡಿಸಿದರೆ ಚಿಟಿಚಿಟಿ ಎನ್ನುತ್ತದಲ್ಲ, ಅದೇ. ಪ್ರತಿ ಭಾಗ ಮುಟ್ಟುವ ಮೊದಲು ಕ್ಯಾಬಿನೆಟ್ಟಿನ ಬಣ್ಣ ಹಚ್ಚದ ಕಬ್ಬಿಣವನ್ನು ಒಮ್ಮೆ ಬರಿಗೈಯಿಂದ ಮುಟ್ಟಿಕೊಂಡರೆ ನಮ್ಮ ಮೈಮೇಲಿನ ಸ್ಟ್ಯಾಟಿಕ್ ಇಳಿಯುತ್ತದೆ. ಉಂಗುರ, ಬಳೆ, ಕೈಗಡಿಯಾರ ತೆಗೆದಿಡಿ. ಒದ್ದೆ ಕೈ, ಒದ್ದೆ ನೆಲ ಬೇಡ.

ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಯಾವ ವೈರ್ ಎಲ್ಲಿತ್ತು ಎನ್ನುವುದು ಆಮೇಲೆ ನೆನಪಿರುವುದಿಲ್ಲ. ಸ್ಕ್ರೂಗಳಿಗೆ ಮೂರು ಸ್ಟೀಲ್ ಬಟ್ಟಲು ಇಟ್ಟುಕೊಂಡೆವು: ಕ್ಯಾಬಿನೆಟ್ಟಿನವು ಒಂದರಲ್ಲಿ, ಡಿಸ್ಕಿನವು ಒಂದರಲ್ಲಿ, ಬೋರ್ಡಿನವು ಒಂದರಲ್ಲಿ. ಬೋರ್ಡಿನ ಮೇಲೆ ಬಿದ್ದ ಒಂದು ಸಣ್ಣ ಸ್ಕ್ರೂ ಮತ್ತೊಂದು ಶಾರ್ಟಿಗೆ ಸಾಕು.

ಪಕ್ಕದ ಮುಚ್ಚಳ ತೆಗೆದ ಕೂಡಲೇ ಏನನ್ನೂ ಕೀಳಲಿಲ್ಲ. ಮೊದಲು ನೋಡಿದೆವು, ಮೂಸಿದೆವು. ಎಲ್ಲಿ ಕಪ್ಪಾಗಿದೆ, ಯಾವ ಕೆಪಾಸಿಟರ್ ತಲೆ ಉಬ್ಬಿದೆ, ಎಲ್ಲಿಂದ ವಾಸನೆ ಬರುತ್ತದೆ. ಎಸ್‌ಎಂಪಿಎಸ್ ಜಾಲರಿಯ ಸುತ್ತ ಮಸಿ ಇತ್ತು. ಮದರ್‌ಬೋರ್ಡಿನ ಮೇಲೆ ಪ್ರೊಸೆಸರ್ ಪಕ್ಕದ ಒಂದು ಸಣ್ಣ ಚಿಪ್ಪಿನ ನಡುವೆ ಕಾಳಿನಷ್ಟು ತೂತು ಬಿದ್ದಿತ್ತು. ಅದರ ಕತೆ ಮುಗಿದಿತ್ತು ಎಂದು ನೋಡಿದರೇ ಗೊತ್ತಾಗುತ್ತಿತ್ತು.

ಬಿಚ್ಚಿದ ಕ್ರಮ ಹೀಗೆ.

1. ಹಾರ್ಡ್ ಡಿಸ್ಕ್. ಎಲ್ಲಕ್ಕಿಂತ ಬೆಲೆಯುಳ್ಳದ್ದು ಮೊದಲು ಹೊರಬರಬೇಕು. ಅದಕ್ಕೆ ಎರಡು ವೈರ್ ಇರುತ್ತವೆ, ಒಂದು ಅಗಲ, ಒಂದು ಸಣ್ಣದು. ವೈರ್ ಹಿಡಿದು ಎಳೆಯದೆ ತುದಿಯ ಪ್ಲಾಸ್ಟಿಕ್ ಹಿಡಿದು ನೆಟ್ಟಗೆ ತೆಗೆಯಬೇಕು. ಆಮೇಲೆ ಎರಡೂ ಬದಿಯ ಸ್ಕ್ರೂ. ಕೈಯಿಂದ ಜಾರಿ ಬೀಳದಂತೆ ಒಬ್ಬರು ಕೆಳಗೆ ಕೈಯೊಡ್ಡಿ ಹಿಡಿದುಕೊಳ್ಳಿ. ಕರೆಂಟಿಗೆ ಉಳಿದ ಡಿಸ್ಕ್ ಬಿದ್ದು ಹೋದ ಉದಾಹರಣೆ ಬೇಕಾದಷ್ಟಿವೆ.

2. ಎಸ್‌ಎಂಪಿಎಸ್ ವೈರುಗಳು. ಬೋರ್ಡಿಗೆ ಹೋಗುವ 24 ಪಿನ್ನಿನ ದೊಡ್ಡದಕ್ಕೆ ಒಂದು ಕೊಕ್ಕೆ ಇರುತ್ತದೆ, ಅದನ್ನು ಒತ್ತಿ ಹಿಡಿದೇ ಎತ್ತಬೇಕು. ಪ್ರೊಸೆಸರ್ ಹತ್ತಿರ 4 ಅಥವಾ 8 ಪಿನ್ನಿನ ಇನ್ನೊಂದು ಇರುತ್ತದೆ. ಎಲ್ಲ ತೆಗೆದ ಮೇಲೆ ಎಸ್‌ಎಂಪಿಎಸ್ ಇಡಿಯಾಗಿ ಹೊರಗೆ.

3. ರ‍್ಯಾಮ್. ತುದಿಯ ಕಿವಿಗಳನ್ನು ಹೊರಕ್ಕೆ ಒತ್ತಿದರೆ ತಾನೇ ಮೇಲೆ ಬರುತ್ತದೆ. ಅಂಚು ಹಿಡಿಯಿರಿ, ಬಂಗಾರ ಬಣ್ಣದ ಹಲ್ಲುಗಳನ್ನು ಮುಟ್ಟಬೇಡಿ.

4. ಬೇರೆ ಕಾರ್ಡುಗಳಿದ್ದರೆ ಅವು, ಆಮೇಲೆ ಡಿವಿಡಿ ಡ್ರೈವ್.

5. ಪ್ರೊಸೆಸರ್. ಇದನ್ನು ಬೋರ್ಡಿನಲ್ಲೇ ಬಿಟ್ಟೆವು. ಮೇಲಿನ ಫ್ಯಾನ್ ಅಂಟಿನಂಥ ಪೇಸ್ಟಿನಿಂದ ಕಚ್ಚಿಕೊಂಡಿರುತ್ತದೆ, ಬಲವಾಗಿ ಎಳೆದರೆ ಪಿನ್ನು ಬಾಗುತ್ತವೆ. ಅನುಭವ ಇದ್ದವರು ತೆಗೆಯಲಿ.

6. ಬೋರ್ಡಿನ ಮೇಲಿನ ಗುಂಡಗಿನ ಸೆಲ್. ಎಂಟಾಣೆಯಂತೆ ಕಾಣುವ ಇದನ್ನು ತೆಗೆದರೆ ಕೂಡಲೇ ಮಕ್ಕಳಿಗೆ ಸಿಗದ ಕಡೆ ಇಡಿ. ಮಗು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು. ನುಂಗಿದ ಅನುಮಾನ ಬಂದರೂ ಕಾಯದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ತೆಗೆದ ಭಾಗಗಳನ್ನು ಕಾಗದದಲ್ಲಿ ಸುತ್ತಿ ರಟ್ಟಿನ ಡಬ್ಬಿಯಲ್ಲಿ ಇಟ್ಟೆವು. ಹೊಸ ಪಾರ್ಟ್ ಜೊತೆ ಬರುವ ಬೆಳ್ಳಿ ಬಣ್ಣದ ಚೀಲ ಇದ್ದರೆ ಇನ್ನೂ ಒಳ್ಳೆಯದು. ಕ್ಯಾರಿಬ್ಯಾಗ್, ಥರ್ಮೋಕೋಲ್ ಬೇಡ, ಅಲ್ಲಿಯೂ ಸ್ಟ್ಯಾಟಿಕ್ ಕಾಟ.

ಯಾವುದು ಸತ್ತಿದೆ, ಯಾವುದು ಉಳಿದಿದೆ

ಮುಂದಿನ ಕೆಲಸ ಮನೆಯಲ್ಲಿ ಮಾಡುವಂಥದ್ದಲ್ಲ. ಡಬ್ಬಿ ಹಿಡಿದು ಬಸ್ಸು ಹತ್ತಿದೆವು. ಅಕ್ಕನೂ ಅಂಗಡಿ ಬಾಗಿಲು ಹಾಕಿ ಬಂದರು. ತಾಲ್ಲೂಕು ಊರಿನಲ್ಲಿ ನಮಗೆ ಪರಿಚಯದ ಇನ್ನೊಬ್ಬ ರಿಪೇರಿ ಅಣ್ಣ ಇದ್ದಾರೆ. ಹೇಳಿಕೊಡುತ್ತಾ ಕೆಲಸ ಮಾಡುವವರು.

“ಅಣ್ಣಾರ, ಏನರ ಉಳದೈತೇನ್ರಿ?” ಎಂದು ಅಕ್ಕ ಕೇಳಿದರು.

“ಒಂದಕ್ಕ ಬ್ಯಾನಿ ಬಂದ್ರ ಎಲ್ಲಾ ಸತ್ತಂಗಲ್ಲ ಅಕ್ಕಾರ. ಒಂದೊಂದ ನೋಡೂಣು ತಡೀರಿ” ಅಂದರು.

ಇಲ್ಲಿ ಒಂದು ಮಾತನ್ನು ಅವರು ಒತ್ತಿ ಹೇಳಿದರು. ಸುಟ್ಟ ಕಂಪ್ಯೂಟರಿನಿಂದ ತೆಗೆದ ಭಾಗವನ್ನು ಪಕ್ಕದ ಮನೆಯ ಒಳ್ಳೆಯ ಕಂಪ್ಯೂಟರಿಗೆ ಹಾಕಿ ಪರೀಕ್ಷೆ ಮಾಡಬಾರದು. ಶಾರ್ಟ್ ಆದ ಭಾಗ ಒಳ್ಳೆಯದನ್ನೂ ಕೆಡಿಸಬಹುದು. ಅವರು ಪರೀಕ್ಷೆಗೆಂದೇ ಒಂದು ಹಳೆಯ ಬೋರ್ಡ್, ಒಂದು ಎಸ್‌ಎಂಪಿಎಸ್ ಇಟ್ಟುಕೊಂಡಿದ್ದಾರೆ. ಆ ಎಸ್‌ಎಂಪಿಎಸ್‌ನ ವೋಲ್ಟೇಜನ್ನೂ ಮೊದಲು ಮೀಟರಿನಲ್ಲಿ ನೋಡಿದರು. ಹಳದಿ ವೈರಿನಲ್ಲಿ 12, ಕೆಂಪಿನಲ್ಲಿ 5, ಕಿತ್ತಳೆಯಲ್ಲಿ 3.3 ಇರಬೇಕು. ನೂರಕ್ಕೆ ಐದರಷ್ಟು ಹೆಚ್ಚುಕಡಿಮೆ ಇದ್ದರೆ ನಡೆಯುತ್ತದೆ.

ರ‍್ಯಾಮ್ ಎರಡೂ ಬದುಕಿದ್ದವು. ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಹಾಕಿದ ಕೂಡಲೇ ಬೋರ್ಡ್ ಒಪ್ಪಿಕೊಂಡಿತು. ಪ್ರೊಸೆಸರನ್ನು ಅಣ್ಣನೇ ತೆಗೆದು ನೋಡಿದರು, ಅದೂ ಚೆನ್ನಾಗಿತ್ತು. ಮದರ್‌ಬೋರ್ಡ್, ಡಿವಿಡಿ ಡ್ರೈವ್, ಎಸ್‌ಎಂಪಿಎಸ್ ಮೂರೂ ಹೋಗಿದ್ದವು.

ಕೊನೆಗೆ ಹಾರ್ಡ್ ಡಿಸ್ಕ್. ಅದನ್ನು ಜೋಡಿಸಿದರೆ ಪರೀಕ್ಷೆಯ ಎಸ್‌ಎಂಪಿಎಸ್ಸೇ ಶುರುವಾಗಲಿಲ್ಲ. ಫ್ಯಾನ್ ಒಮ್ಮೆ ಮಿಸುಕಿ ನಿಂತಿತು. ಅಕ್ಕನ ಮುಖ ಬಾಡಿತು. ಅಣ್ಣ ಮಾತ್ರ “ಇದು ಚಲೋ ಸುದ್ದಿ” ಅಂದರು.

ಏಕೆಂದು ವಿವರಿಸಿದರು. ಇಂಥ ಹಾರ್ಡ್ ಡಿಸ್ಕಿನ ಕೆಳಗೆ ಹಸಿರು ಬೋರ್ಡ್ ಇರುತ್ತದೆ. ಕರೆಂಟ್ ಒಳಬರುವ ಜಾಗದಲ್ಲಿ 12 ವೋಲ್ಟಿಗೊಂದು, 5 ವೋಲ್ಟಿಗೊಂದು ಕಾವಲಿನ ಡಯೋಡ್ ಇಟ್ಟಿರುತ್ತಾರೆ. ಹೆಚ್ಚು ವೋಲ್ಟೇಜ್ ಬಂದರೆ ಅದು ತಾನು ಶಾರ್ಟ್ ಆಗಿ ಹೊಡೆತವನ್ನು ತನ್ನ ಮೇಲೆ ಎಳೆದುಕೊಳ್ಳುತ್ತದೆ, ಒಳಗಿನದನ್ನು ಕಾಯುತ್ತದೆ. ಡಯೋಡ್ ಶಾರ್ಟ್ ಆಗಿರುವುದರಿಂದಲೇ ಎಸ್‌ಎಂಪಿಎಸ್ ಅಪಾಯ ಎಂದು ತಿಳಿದು ತಾನೇ ನಿಂತುಬಿಡುತ್ತದೆ. ನೋಡುವವರಿಗೆ ಡಿಸ್ಕ್ ಸತ್ತಂತೆ ಕಾಣುತ್ತದೆ. ಸತ್ತಿರುವುದು ಕಾವಲುಗಾರ ಮಾತ್ರ ಇರಬಹುದು.

ಮೀಟರ್ ಇಟ್ಟರು. 12 ವೋಲ್ಟಿನ ಡಯೋಡ್ ಮೇಲೆ ಮೀಟರ್ ಕುಂಯ್ ಎಂದಿತು, ಶಾರ್ಟ್. ಇನ್ನೊಂದು ಸರಿಯಿತ್ತು. ಬೆಸುಗೆ ಹಾಕುವ ಸಾಲ್ಡರಿಂಗ್ ಕಡ್ಡಿಯಿಂದ ಸತ್ತ ಡಯೋಡನ್ನು ಎತ್ತಿ ತೆಗೆದರು. ಮತ್ತೆ ಜೋಡಿಸಿದರು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಡಿಸ್ಕ್ ಸುಂಯ್ ಎಂದು ತಿರುಗತೊಡಗಿತು. ಅಂಗಡಿಯಲ್ಲಿ ಯಾರೂ ಮಾತಾಡಲಿಲ್ಲ.

ಕಾವಲಿಲ್ಲದ ಡಿಸ್ಕನ್ನು ಮುಂದೆ ಬಳಸಬಾರದು. ಒಮ್ಮೆ ತಿರುಗಿದಾಗಲೇ ಎಲ್ಲವನ್ನೂ ಬೇರೆ ಡಿಸ್ಕಿಗೆ ಇಳಿಸಿಕೊಳ್ಳಬೇಕು. ಕಾಪಿ ಮುಗಿಯುವಾಗ ಸಂಜೆ ಆಯಿತು. ತೀರಿಕೊಂಡ ಆ ಅಜ್ಜನ ಫೋಟೊ ಮೇಲಿನ ಓಣಿಯ ಫೋಲ್ಡರಿನಲ್ಲಿ ಇತ್ತು. ಬಿಳಿ ರುಮಾಲು, ಹಣೆಗೆ ವಿಭೂತಿ, ತುಸು ಗಾಬರಿಯಾದ ಕಣ್ಣು. ಅಕ್ಕ ಅಲ್ಲೇ ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿ, ಕಾಗದದ ಸುರುಳಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೊನೆಯ ಬಸ್ಸಿಗೆ ತಂದರು. ಆ ಮನೆಯವರಿಂದ ದುಡ್ಡು ತೆಗೆದುಕೊಳ್ಳಲಿಲ್ಲ.

ಎಲ್ಲ ಡಿಸ್ಕಿಗೂ ಈ ಅದೃಷ್ಟ ಇರುವುದಿಲ್ಲ. ಡಯೋಡ್ ದಾಟಿ ಹೊಡೆತ ಒಳಗೆ ಹೋಗಿದ್ದರೆ ಹಸಿರು ಬೋರ್ಡೇ ಹೋಗಿರುತ್ತದೆ. ಅಂಥದೇ ಇನ್ನೊಂದು ಡಿಸ್ಕಿನ ಬೋರ್ಡ್ ಹಾಕಿದರೆ ಸಾಕು ಎನ್ನುವುದು ಹಳೆಯ ಮಾತು. ಈಗಿನ ಡಿಸ್ಕುಗಳಲ್ಲಿ ಆ ಡಿಸ್ಕಿಗೆ ಮಾತ್ರ ಸೇರಿದ ಮಾಹಿತಿ ಬೋರ್ಡಿನ ಒಂದು ಚಿಪ್ಪಿನಲ್ಲಿರುತ್ತದೆ, ಅದನ್ನೂ ವರ್ಗಾಯಿಸಬೇಕಾಗುತ್ತದೆ. ಅದು ಪರಿಣತರ ಕೆಲಸ. ಡಿಸ್ಕಿನ ಮೇಲಿನ ಮುಚ್ಚಳವನ್ನಂತೂ ಯಾವ ಕಾರಣಕ್ಕೂ ತೆಗೆಯಬೇಡಿ. ಒಂದು ಕಣ ಧೂಳು ಒಳಗೆ ಹೋದರೂ ಇದ್ದ ಮಾಹಿತಿ ಕೆರೆದುಹೋಗುತ್ತದೆ.

ಉಳಿದ ಅವಶೇಷ

ಸುಟ್ಟ ಭಾಗಗಳನ್ನು ಗುಜರಿಯವರು ಕಿಲೋ ಲೆಕ್ಕದಲ್ಲಿ ಕೇಳುತ್ತಾರೆ. ಕೊಡುವ ಮೊದಲು ಎರಡು ಮಾತು.

ಒಂದು, ಹಾರ್ಡ್ ಡಿಸ್ಕನ್ನು ಹಾಗೇ ಕೊಡಬೇಡಿ. ಅಕ್ಕನ ಡಿಸ್ಕಿನಲ್ಲಿ ಅರ್ಧ ಊರಿನ ಆಧಾರ್ ಪ್ರತಿ, ಪಾಸ್‌ಬುಕ್ ಪ್ರತಿ ಇದ್ದವು. ಫಾರ್ಮ್ಯಾಟ್ ಮಾಡಿದ ಮಾತ್ರಕ್ಕೆ ಅವು ಅಳಿಯುವುದಿಲ್ಲ. ಎಲ್ಲ ಕಾಪಿ ಆಗಿ, ಕಾಪಿ ತೆರೆಯುತ್ತದೆ ಎಂದು ಖಾತ್ರಿ ಮಾಡಿಕೊಂಡು, ಆಮೇಲೆ ಅಣ್ಣನ ಕೈಯಲ್ಲಿ ಡ್ರಿಲ್ ಹಾಕಿಸಿ ಡಿಸ್ಕಿಗೆ ಮೂರು ತೂತು ಕೊರೆಸಿದೆವು. ಲ್ಯಾಪ್‌ಟಾಪಿನ ಸಣ್ಣ ಡಿಸ್ಕುಗಳಲ್ಲಿ ಒಳಗಿನ ತಟ್ಟೆ ಗಾಜಿನದಿರಬಹುದು, ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ ಇಲ್ಲದೆ ಆ ಕೆಲಸ ಬೇಡ.

ಎರಡು, ತಾಮ್ರದ ಆಸೆಗೆ ವೈರ್ ಸುಡಬೇಡಿ, ಬೋರ್ಡ್ ಸುಡಬೇಡಿ. ಆ ಹೊಗೆಯಲ್ಲಿ ಡಯಾಕ್ಸಿನ್‌ನಂಥ ವಿಷ ಇರುತ್ತದೆ. ಹಳೆಯ ಬೋರ್ಡುಗಳ ಬೆಸುಗೆಯಲ್ಲಿ ಸೀಸ ಇರುತ್ತದೆ. ತಿಪ್ಪೆಗೆ ಎಸೆದರೆ ಅದೇ ಗೊಬ್ಬರ ಹೊಲಕ್ಕೆ ಹೋಗುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಇಂಥ ವಸ್ತುಗಳು ನೋಂದಾಯಿತ ಮರುಬಳಕೆದಾರರಿಗೇ ಸೇರಬೇಕು. ಹಳ್ಳಿಯವರೆಗೆ ಅವರು ಬರುವುದು ಕಡಿಮೆ. ಸದ್ಯಕ್ಕೆ ನಾವು ಮಾಡಿದ್ದು ಇಷ್ಟು: ಒಂದು ಡಬ್ಬಿಯಲ್ಲಿ ಕೂಡಿಟ್ಟು, ಜಿಲ್ಲಾ ಕೇಂದ್ರಕ್ಕೆ ಹೋಗುವಾಗ ಹಳೆಯದನ್ನು ತೆಗೆದುಕೊಳ್ಳುವ ಅಂಗಡಿಗೆ ತಲುಪಿಸಿದ್ದು.

ಮಳೆಗಾಲಕ್ಕೆ ಮುಂಚೆ ನೀವು ಮಾಡಬಹುದಾದ್ದು

ಬಲ್ಬು ಒಮ್ಮೆಲೇ ಹೆಚ್ಚು ಉರಿದರೆ, ಇಲ್ಲವೇ ಒಂದು ಮನೆಯಲ್ಲಿ ಮಂಕು, ಪಕ್ಕದ ಮನೆಯಲ್ಲಿ ಪ್ರಖರ ಎನಿಸಿದರೆ ಕೂಡಲೇ ಮೇನ್ ಸ್ವಿಚ್ ಆಫ್ ಮಾಡಿ, ಓಣಿಯವರಿಗೂ ಕೂಗಿ ಹೇಳಿ. ಅದು ನ್ಯೂಟ್ರಲ್ ಹೋದ ಗುರುತು. ಲೈನ್‌ಮನ್‌ಗೆ ತಿಳಿಸಿ, 1912ಕ್ಕೂ ದೂರು ಕೊಟ್ಟು ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಕಡಿದು ಬಿದ್ದ ತಂತಿಯ ಹತ್ತಿರ ಯಾರೂ ಹೋಗಬಾರದು.

ಮೋಡ ಕಟ್ಟಿದಾಗಲೇ ಟಿವಿ, ಕಂಪ್ಯೂಟರಿನ ಪ್ಲಗ್ ಕೀಳಿ. ಸಿಡಿಲು ತಲೆಯ ಮೇಲೆ ಬಂದ ಮೇಲೆ ವೈರ್ ಮುಟ್ಟಲು ಹೋಗಬೇಡಿ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಆ್ಯಪ್, ಪುಣೆಯ ಐಐಟಿಎಂ ಸಂಸ್ಥೆಯ ‘ದಾಮಿನಿ’ ಆ್ಯಪ್ ಹತ್ತಿರದ ಸಿಡಿಲಿನ ಎಚ್ಚರಿಕೆ ಕೊಡುತ್ತವೆ. ಹೊಲಕ್ಕೆ ಹೋಗುವವರಿಗಂತೂ ಇವು ಜೀವ ಉಳಿಸುವ ಆ್ಯಪ್‌ಗಳು.

ಸ್ಪೈಕ್ ಗಾರ್ಡ್ ಎಂದು ಮಾರುವ ಬೋರ್ಡುಗಳು ಮನೆಗೆ ಸರಿಯಾದ ಅರ್ಥಿಂಗ್ ಇದ್ದರೆ ಮಾತ್ರ ಪೂರಾ ಕೆಲಸ ಮಾಡುತ್ತವೆ. ಅವು ಕ್ಷಣಮಾತ್ರದ ಏರಿಕೆಗೆ. ನ್ಯೂಟ್ರಲ್ ಹೋಗಿ ನಿಮಿಷಗಟ್ಟಲೆ ಏರಿದರೆ ಅವೂ ಸುಡುತ್ತವೆ. ಅದಕ್ಕೆ ವೋಲ್ಟೇಜ್ ಹೆಚ್ಚಾದರೆ ತಾನೇ ಕರೆಂಟ್ ಕಡಿಯುವ ಸಾಧನ ಬೇಕು, ಎಲೆಕ್ಟ್ರಿಷಿಯನ್ ಹತ್ತಿರ ವಿಚಾರಿಸಿ. ಬರೀ ಎಂಸಿಬಿ ಇದನ್ನು ಮಾಡುವುದಿಲ್ಲ. ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುವುದನ್ನು ಮರೆಯಬೇಡಿ. ಒಣಗಿದ ಅರ್ಥಿಂಗ್ ಇದ್ದೂ ಇಲ್ಲದಂತೆ.

ಅಕ್ಕ ಈಗ ಹಳೆಯ ರ‍್ಯಾಮ್, ಹಳೆಯ ಪ್ರೊಸೆಸರನ್ನೇ ಒಂದು ಸೆಕೆಂಡ್ ಹ್ಯಾಂಡ್ ಬೋರ್ಡಿಗೆ ಹಾಕಿಸಿಕೊಂಡು ಕೆಲಸ ಶುರು ಮಾಡಿದ್ದಾರೆ. ಪ್ರತಿ ಶನಿವಾರ ಎಲ್ಲ ಫೈಲುಗಳನ್ನು ಹೊರಗಿನ ಡಿಸ್ಕೊಂದಕ್ಕೆ ಇಳಿಸಿ, ಅದನ್ನು ವೈರ್ ಕಿತ್ತು ಮನೆಗೆ ಒಯ್ಯುತ್ತಾರೆ. ಅಂಗಡಿಯಲ್ಲಿ ಒಂದು, ಮನೆಯಲ್ಲಿ ಒಂದು. ಎರಡೂ ಒಂದೇ ಸಿಡಿಲಿಗೆ ಹೋಗುವುದಿಲ್ಲ.

ನಿಮ್ಮ ಮನೆಯಲ್ಲಿ ಹಿರಿಯರಿದ್ದರೆ ಅವರದೊಂದು ಫೋಟೊ ಇವತ್ತೇ ತೆಗೆದುಬಿಡಿ. ಅರ್ಜಿಗಲ್ಲ, ಸುಮ್ಮನೆ. ತೆಗೆದದ್ದನ್ನು ನಿಮ್ಮ ಫೋನಿನಲ್ಲೊಂದು, ಬೇರೆ ಊರಿನಲ್ಲಿರುವ ಅಣ್ಣನ, ತಂಗಿಯ ಫೋನಿನಲ್ಲೊಂದು ಇರುವಂತೆ ಕಳಿಸಿ. ಒಂದು ಪ್ರತಿ ಪ್ರಿಂಟ್ ಹಾಕಿಸಿ ಟ್ರಂಕಿನಲ್ಲಿ ಇಡಿ. ಕಾಗದಕ್ಕೆ ಹೈ ವೋಲ್ಟೇಜಿನ ಭಯ ಇಲ್ಲ.